ಟಾಪ್ ತೆರೆದ ಕಾರಿನ ಹಿಂದಿನ ಸೀಟಿನಲ್ಲಿ ನಾಯಿ: ಸ್ಲೀಪಿಪಾಡ್ ಕ್ಲಿಕಿಟ್ ಸ್ಪೋರ್ಟ್ ಹಾರ್ನೆಸ್ ಹೇಗಿದೆ?

ಕನ್ವರ್ಟಿಬಲ್ ಕಾರಿನ ಟಾಪ್ ಮಡಚಿದ ಕೂಡಲೇ ನಾಯಿಯ ಮಟ್ಟಿಗೆ ಮೂರು ರಕ್ಷಣೆಗಳು ಒಟ್ಟಿಗೇ ಹೋಗುತ್ತವೆ. ಅದು ಹೊರಗೆ ಹಾರದಂತೆ ತಡೆಯುತ್ತಿದ್ದ ಗೋಡೆ ಹೋಯಿತು, ನೆರಳು ಹೋಯಿತು, ಗಾಳಿಗೆ ಇದ್ದ ಅಡ್ಡ ಹೋಯಿತು. ನಾಯಿಯ ಎದೆಗೆ ತೊಡಿಸಿ ಸೀಟ್ ಬೆಲ್ಟಿಗೆ ಕಟ್ಟುವ ಹಾರ್ನೆಸ್ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ವಾಪಸ್ ಕೊಡುತ್ತದೆ, ಅದೂ ಸಡಿಲ ಬಿಡದೆ ಕಟ್ಟಿದರೆ. ಅಮೆರಿಕದ ಸ್ಲೀಪಿಪಾಡ್ ಕಂಪನಿಯ ಕ್ಲಿಕಿಟ್ ಸ್ಪೋರ್ಟ್ ಹಾರ್ನೆಸ್ಸನ್ನು ಇಲ್ಲಿ 'ಇದು ನಾಯಿಯನ್ನು ಸೀಟಿನಲ್ಲೇ ಹಿಡಿದಿಡುತ್ತದೆಯೇ' ಎಂಬ ಒಂದು ಪ್ರಶ್ನೆ ಇಟ್ಟುಕೊಂಡೇ ನೋಡಿದ್ದೇವೆ. ಕಾರು ಮಿನಿ ಕೂಪರ್ ಕನ್ವರ್ಟಿಬಲ್. ನಾಲ್ಕು ಸೀಟು, ಹಿಂದೆ ಇಬ್ಬರಿಗೆ ಮೂರು ಬಿಂದುವಿನ ಬೆಲ್ಟ್, ಬಟ್ಟೆಯ ಟಾಪ್. ಕ್ಯಾಲಿಫೋರ್ನಿಯಾದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರಿಗೆ ಇದು ದಿನಾ ಕಣ್ಣಿಗೆ ಬೀಳುವ ಕಾರು, ಬೆಂಗಳೂರಿನಲ್ಲಿ ಅಪರೂಪಕ್ಕೆ.

ಮೊದಲು ಈ ಹಾರ್ನೆಸ್ಸನ್ನೇ ಯಾಕೆ ಆರಿಸಿದ್ದು ಎಂಬುದು. ಅಂಗಡಿಯಲ್ಲಿ 'ಕ್ರ್ಯಾಶ್ ಟೆಸ್ಟ್ ಆಗಿದೆ' ಎಂದು ಬರೆದ ನಾಯಿ ಹಾರ್ನೆಸ್‌ಗಳು ಬೇಕಾದಷ್ಟು ಸಿಗುತ್ತವೆ. ಮಕ್ಕಳ ಸೀಟಿಗೆ ಸರ್ಕಾರಿ ಮಾನದಂಡ ಇದ್ದಂತೆ ನಾಯಿ ಹಾರ್ನೆಸ್‌ಗೆ ಅಮೆರಿಕದಲ್ಲಿ ಇಲ್ಲ, ಹಾಗಾಗಿ ಯಾರು ಬೇಕಾದರೂ ಆ ಮಾತು ಬರೆಯಬಹುದು. ವರ್ಜೀನಿಯಾದ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಲಾಭರಹಿತ ಸಂಸ್ಥೆ 2013ರಲ್ಲಿ ಸುಬಾರು ಕಂಪನಿಯ ನೆರವಿನಿಂದ ಇಂಥ ಹಾರ್ನೆಸ್‌ಗಳನ್ನು ಒಟ್ಟಿಗೆ ತಂದು ಪರೀಕ್ಷಿಸಿತು. ಮಕ್ಕಳ ಸೀಟಿನ ಪರೀಕ್ಷೆಯನ್ನೇ ಮಾದರಿಯಾಗಿಟ್ಟುಕೊಂಡು, ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಗೆ, ಸುಮಾರು 11, 20 ಮತ್ತು 34 ಕೆ.ಜಿ. ತೂಕದ ನಾಯಿ ಬೊಂಬೆಗಳನ್ನು ಕೂರಿಸಿ ನೋಡಿದರು. ಅದರಲ್ಲಿ ಎಲ್ಲರಿಗಿಂತ ಮೇಲೆ ನಿಂತದ್ದು ಇದೇ ಕಂಪನಿಯ ಕ್ಲಿಕಿಟ್ ಯುಟಿಲಿಟಿ. ಸ್ಪೋರ್ಟ್ ಅದರ ನಂತರ ಬಂದ, ಹಗುರಾದ ತಮ್ಮ. ಅದೂ ಇದೇ ಸಂಸ್ಥೆಯ ಮಾನ್ಯತೆ ಪಡೆದಿದೆ. ಆದರೂ ಕೊಳ್ಳುವ ಮುನ್ನ ನಿಮ್ಮ ನಾಯಿಗೆ ಬೇಕಾದ ಅಳತೆ ಮಾನ್ಯತೆಯ ಪಟ್ಟಿಯಲ್ಲಿ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ. ಮಾನ್ಯತೆ ಕೊಡುವುದು ಅಳತೆ ಮತ್ತು ತೂಕ ನೋಡಿಯೇ ಹೊರತು ಬ್ರ್ಯಾಂಡಿನ ಹೆಸರಿಗಲ್ಲ.

ಕೈಗೆತ್ತಿಕೊಂಡರೆ ಇದು ವಾಕಿಂಗ್ ಹಾರ್ನೆಸ್‌ನಂತಿಲ್ಲ. ಎದೆಯನ್ನೂ ಪಕ್ಕೆಯನ್ನೂ ಸುತ್ತುವ ಅಗಲವಾದ, ಪ್ಯಾಡ್ ಹಾಕಿದ ಅಂಗಿ. ಅದರ ಸುತ್ತ ಕಾರಿನ ಸೀಟ್ ಬೆಲ್ಟಿನಂಥದ್ದೇ ಗಟ್ಟಿ ಪಟ್ಟಿ ಹಾದು, ಎರಡು ಕುಣಿಕೆಗಳಾಗಿ ಹೊರಬರುತ್ತದೆ. ಕಾರಿನ ಬೆಲ್ಟನ್ನು ಈ ಎರಡೂ ಕುಣಿಕೆಗಳೊಳಗೆ ತೂರಿಸಿ ಬಕಲ್‌ಗೆ ಹಾಕಬೇಕು. ಬೆನ್ನ ಮೇಲಿನ ಡಿ-ರಿಂಗ್ (ಡಿ ಆಕಾರದ ಬಳೆ) ಲೀಶಿಗೆ, ಅಂದರೆ ವಾಕಿಂಗ್ ಹಗ್ಗಕ್ಕೆ ಮಾತ್ರ. ಕೊಂಡವರು ಮಾಡುವ ಮೊದಲ ತಪ್ಪೇ ಇದು: ಕುಣಿಕೆಗಳನ್ನು ಬಿಟ್ಟು, ಡಿ-ರಿಂಗ್‌ಗೆ ಒಂದು ಗಿಡ್ಡ ಪಟ್ಟಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಕಲ್‌ಗೆ ಹಾಕುವುದು. ಹಾಗೆ ಮಾಡಿದರೆ ಡಿಕ್ಕಿಯ ಪೂರ್ತಿ ಬಲ ಒಂದೇ ಬಿಂದುವಿನ ಮೇಲೆ ಬೀಳುತ್ತದೆ, ನಾಯಿ ಆ ಬಿಂದುವಿನ ಸುತ್ತ ತಿರುಗಿ ಸೀಟಿನಿಂದಾಚೆ ಹೋಗುತ್ತದೆ. ದುಬಾರಿ ಹಾರ್ನೆಸ್ ಕೊಂಡೂ ಅಗ್ಗದ್ದನ್ನು ಕಟ್ಟಿದಂತಾಯಿತು.

ಸಡಿಲದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. 20 ಕೆ.ಜಿ. ನಾಯಿ, 48 ಕಿ.ಮೀ. ವೇಗ. ಬೆಲ್ಟು ಬಿಗಿಯಾಗಿದ್ದರೆ ಕಾರಿನ ಮೂತಿ ನಜ್ಜುಗುಜ್ಜಾಗುತ್ತ ನಿಲ್ಲುವಾಗ ನಾಯಿಯೂ ಅದರೊಟ್ಟಿಗೇ ನಿಧಾನವಾಗುತ್ತದೆ. ಈ ದೂರ ಸುಮಾರು 60 ಸೆಂ.ಮೀ. ಎಂದುಕೊಂಡರೆ ಪಟ್ಟಿಯ ಮೇಲೆ ಬೀಳುವ ಸರಾಸರಿ ಬಲ 300 ಕೆ.ಜಿ. ತೂಕದಷ್ಟು. ಅದೇ ನಾಯಿಗೆ 'ಪಾಪ, ಓಡಾಡಲಿ' ಎಂದು 30 ಸೆಂ.ಮೀ. ಪಟ್ಟಿ ಬಿಟ್ಟಿದ್ದರೆ, ಕಾರು ನಿಲ್ಲುತ್ತಿರುವಾಗಲೂ ನಾಯಿ ಹಳೆಯ ವೇಗದಲ್ಲೇ ಮುಂದೆ ಹಾರುತ್ತಿರುತ್ತದೆ. ಪಟ್ಟಿ ಬಿಗಿಯಾಗುವ ಹೊತ್ತಿಗೆ ಅದು ನಿಲ್ಲಲು ಸಿಗುವುದು ಪಟ್ಟಿ ಹಿಗ್ಗುವಷ್ಟು ಜಾಗ ಮಾತ್ರ. ಅದು 10 ಸೆಂ.ಮೀ. ಆದರೆ ಬಲ 1800 ಕೆ.ಜಿ. ತೂಕದಷ್ಟಾಗುತ್ತದೆ. ಪಟ್ಟಿ ತಡೆದರೆ ಪಕ್ಕೆಲುಬು ತಡೆಯುವುದಿಲ್ಲ. ಹಾರ್ನೆಸ್ಸನ್ನು ಬಕಲ್‌ಗೆ ಸೇರಿಸುವ ಅಗ್ಗದ ಟೆದರ್‌ನಲ್ಲಿ ಪಟ್ಟಿಗಿಂತ ಮೊದಲು ತುಂಡಾಗುವುದು ಅದರ ತುದಿಯ ಎರಕದ, ಸುತ್ತ ತಿರುಗುವ ಸ್ವಿವೆಲ್ ಕೊಕ್ಕೆ, ಇಲ್ಲವೇ ಹಾರ್ನೆಸ್‌ನ ಪ್ಲಾಸ್ಟಿಕ್ ಕ್ಲಿಪ್ಪು. ರಬ್ಬರಿನಂತೆ ಹಿಗ್ಗುವ ಬಂಜಿ ಟೆದರ್‌ಗಳು, ಕಾರಿನ ಅಡ್ಡಕ್ಕೆ ಹಗ್ಗ ಕಟ್ಟಿ ನಾಯಿ ಆಚೀಚೆ ಓಡಾಡುವಂತೆ ಮಾಡುವ ಜಿಪ್‌ಲೈನ್‌ಗಳು ತೆರೆದ ಕಾರಿಗೆ ಖಂಡಿತ ಬೇಡ.

ಏಕೆಂದರೆ ತೆರೆದ ಕಾರಿನಲ್ಲಿ ಡಿಕ್ಕಿಗಿಂತ ಹೆಚ್ಚು ಸಲ ಎದುರಾಗುವ ಅಪಾಯ ಇನ್ನೊಂದಿದೆ. ಸಿಗ್ನಲ್ಲಿನಲ್ಲಿ ಕಾರು ನಿಂತಿದೆ, ಪಕ್ಕದ ಫುಟ್‌ಪಾತಿನಲ್ಲಿ ಬೆಕ್ಕೊಂದು ಓಡಿತು. ಮುಚ್ಚಿದ ಕಾರಿನಲ್ಲಾದರೆ ನಾಯಿ ಗಾಜಿಗೆ ಮೂಗು ತಾಗಿಸಿ ಬೊಗಳುತ್ತದೆ, ಅಷ್ಟೇ. ಇಲ್ಲಿ ಒಂದೇ ನೆಗೆತಕ್ಕೆ ಬಾಗಿಲಿನಾಚೆ. ಉದ್ದ ಪಟ್ಟಿಯನ್ನು ಕೊರಳಪಟ್ಟಿಗೆ ಕಟ್ಟಿದ್ದರೆ ಅದು ನೆಲ ಮುಟ್ಟದೆ ಬಾಗಿಲಿನ ಹೊರಗೆ ಕುತ್ತಿಗೆಯಿಂದ ನೇತಾಡುತ್ತದೆ. ಕೊರಳಪಟ್ಟಿಗೆ ಯಾವುದನ್ನೂ, ಎಂದೂ ಕಟ್ಟಬೇಡಿ ಎನ್ನುವುದು ಇದೇ ಕಾರಣಕ್ಕೆ.

ಕ್ಲಿಕಿಟ್ ಸ್ಪೋರ್ಟ್ ಈ ಎರಡನೆಯ ಅಪಾಯಕ್ಕೆ ತುಂಬ ಚೆನ್ನಾಗಿ ಉತ್ತರ ಕೊಡುತ್ತದೆ. ಸರಿಯಾಗಿ ಕಟ್ಟಿದರೆ ನಾಯಿ ಕೂರಬಹುದು, ಮಲಗಬಹುದು, ಪೂರ್ತಿ ಎದ್ದು ನಿಲ್ಲುವುದು ಕಷ್ಟ, ಸುತ್ತು ತಿರುಗಲಾಗದು. ಇದನ್ನೇ ದೋಷವೆಂದು ದೂರುವವರು ಬಹಳ ಮಂದಿ. ತೆರೆದ ಕಾರಿಗೆ ಇದೇ ಇದರ ದೊಡ್ಡ ಗುಣ. ಮನೆ ಮುಂದೆಯೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಾಯಿಯನ್ನು ಕಟ್ಟಿ, ಟಾಪ್ ತೆರೆದು, ಬಾಗಿಲಿನ ಹೊರಗೆ ನಿಂತು ತಿನಿಸನ್ನು ಬಾಗಿಲಿನ ಅಂಚಿನ ಮೇಲೆ ಹಿಡಿಯಿರಿ. ಮುಂಗಾಲು ಅಂಚಿನ ಮೇಲೆ ಬಂದರೆ ಬೆಲ್ಟು ಸಡಿಲವಿದೆ. ಮೂಗು ಮಾತ್ರ ಬಂದರೆ ಸರಿಯಿದೆ.

ಬೆಲ್ಟು ಸಡಿಲವಾಗುವುದು ಎಲ್ಲಿಂದ ಎಂದರೆ ಹೆಚ್ಚಿನ ಸಲ ಬೆಲ್ಟಿನ ಸುರುಳಿಯಿಂದಲೇ. ಮಾಮೂಲಿ ಸೀಟ್ ಬೆಲ್ಟು ನಿಧಾನವಾಗಿ ಎಳೆದರೆ ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ, ನಾಯಿಯೂ ಇಷ್ಟಿಷ್ಟೇ ಜರುಗಿ ಹತ್ತು ನಿಮಿಷದಲ್ಲಿ ಎರಡು ಗೇಣು ಬೆಲ್ಟು ಹೊರಗೆಳೆದಿರುತ್ತದೆ. ಅಮೆರಿಕದ ಮಾರುಕಟ್ಟೆಯ ಕಾರುಗಳಲ್ಲಿ ಮಕ್ಕಳ ಸೀಟಿಗೆಂದು ಒಂದು ಅನುಕೂಲ ಇದೆ. ಬೆಲ್ಟನ್ನು ಕೊನೆಯವರೆಗೂ ಎಳೆದು ಬಿಟ್ಟರೆ ಅದು ಕಟಕಟ ಸದ್ದು ಮಾಡುತ್ತ ಒಳಸರಿಯುತ್ತದೆ, ಮತ್ತೆ ಹೊರಬರುವುದಿಲ್ಲ. ನಾಯಿಗೂ ಅದನ್ನೇ ಬಳಸಿ. ಯುರೋಪ್ ಮತ್ತು ಭಾರತದ ಬಹುಪಾಲು ಕಾರುಗಳಲ್ಲಿ ಇದು ಇರುವುದಿಲ್ಲ. ಅಲ್ಲಿ ಹೊರಡುವ ಮುನ್ನವೂ ಪ್ರತಿ ನಿಲುಗಡೆಯಲ್ಲೂ ಭುಜದ ಕಡೆಯ ಬೆಲ್ಟನ್ನು ಮೇಲಕ್ಕೆಳೆದು ಸಡಿಲ ತೆಗೆಯಬೇಕು. ಬೇಸರದ ಕೆಲಸವೇ, ಆದರೆ ಬೇರೆ ದಾರಿ ಇಲ್ಲ.

ಕಟ್ಟುವ ಕ್ರಮ ಹೀಗೆ. ಹಾರ್ನೆಸ್ಸನ್ನು ಕಾರಿನ ಹೊರಗೇ ತೊಡಿಸಿ. ಮಿನಿಯ ಹಿಂದಿನ ಸೀಟಿನ ಇಕ್ಕಟ್ಟಿನಲ್ಲಿ ಬಾಗಿ ತೊಡಿಸಲು ಹೋದರೆ ಒಂದು ಬದಿ ಸಡಿಲವಾಗಿಯೇ ಉಳಿಯುತ್ತದೆ. ಎದೆಯ ಪ್ಯಾಡು ಎದೆಮೂಳೆಯ ಮೇಲೆ ಕೂರಬೇಕು, ಗಂಟಲಿನ ಮೇಲಲ್ಲ. ಪಟ್ಟಿಯಡಿ ಎರಡು ಬೆರಳು ಚಪ್ಪಟೆಯಾಗಿ ಹೋಗಬೇಕು, ಮೂರನೆಯದು ಹೋಗಬಾರದು. ನಿಂತಾಗ ಒಮ್ಮೆ, ಕೂತಾಗ ಒಮ್ಮೆ ನೋಡಿ, ಕೂತಾಗ ಎದೆಯ ಆಕಾರ ಬದಲಾಗಿ ಅಂಗಿ ಗಂಟಲಿನತ್ತ ಮೇಲೇರುವುದುಂಟು. ಆಮೇಲೆ ನಾಯಿಯನ್ನು ಸೀಟಿಗೆ ಏರಿಸಿ ಮುಂದಕ್ಕೆ ಮುಖ ಮಾಡಿಸಿ, ಬೆಲ್ಟಿನ ನಾಲಿಗೆಯನ್ನು ಹತ್ತಿರದ ಕುಣಿಕೆಯಲ್ಲಿ ತೂರಿಸಿ, ದೂರದ ಕುಣಿಕೆಯಲ್ಲೂ ತೂರಿಸಿ ಬಕಲ್‌ಗೆ ಹಾಕಿ. ಬೆಲ್ಟು ಎಲ್ಲೂ ತಿರುಚಿರಬಾರದು. ಇಡೀ ಕೆಲಸಕ್ಕೆ ಮೊದಲ ವಾರ ಐದು ನಿಮಿಷ ಹಿಡಿಯುತ್ತದೆ, ರೂಢಿಯಾದ ಮೇಲೆ ಒಂದೂವರೆ ನಿಮಿಷ.

ಬಕಲ್ ಬಗ್ಗೆ ಎಚ್ಚರ. ಕೆಂಪು ಗುಂಡಿ ನಾಯಿಯ ಮುಂಗಾಲಿಗೋ ತೊಡೆಗೋ ಸಿಗುವ ಜಾಗದಲ್ಲೇ ಇರುತ್ತದೆ, ತುಳಿದು ಬಿಚ್ಚಿಕೊಳ್ಳುವುದು ಅಪರೂಪವಲ್ಲ. ಸೀಳು ಇರುವ ಬಕಲ್ ಕವರ್ ಸಿಗುತ್ತದೆ, ಕೀಲಿಯಿಂದಲೋ ಪೆನ್ನಿನಿಂದಲೋ ಒತ್ತಿದರೆ ಬಿಡಿಸಬಹುದು. ಅಪಘಾತವಾದಾಗ ಬಿಡಿಸಲು ಬರುವವರಿಗೆ ಆ ಕವರ್ ಬಗ್ಗೆ ತಿಳಿದಿರುವುದಿಲ್ಲ, ಆದ್ದರಿಂದ ಎದ್ದು ಕಾಣುವ ಬಣ್ಣದ್ದನ್ನೇ ಕೊಳ್ಳಿ.

ಅಳತೆಯ ವಿಚಾರಕ್ಕೆ ಬಂದರೆ ಮೊಣಕೈ ಹಿಂದೆ ಎದೆ ಅತಿ ಅಗಲವಾಗಿರುವಲ್ಲಿ ಟೇಪು ಸುತ್ತಿ ಅಳೆಯಿರಿ. ತೂಕ ಒಂದನ್ನೇ ನಂಬಿ ತರಿಸಿದವರು ಬದಲಾಯಿಸಿಕೊಳ್ಳುವುದು ಹೆಚ್ಚು. ಲ್ಯಾಬ್ರಡಾರ್, ಬೀಗಲ್, ಇಂಡೀ (ಬೀದಿ ತಳಿಯ) ನಾಯಿಗಳಿಗೆ ಅಷ್ಟು ತೊಂದರೆಯಿಲ್ಲ. ಕಷ್ಟ ಬರುವುದು ನಮ್ಮ ಮುಧೋಳದಂಥ ಬೇಟೆನಾಯಿಗಳಿಗೆ. ಆಳವಾದ ಎದೆ, ಹಿಂದಕ್ಕೆ ಹೋದಂತೆ ಒಮ್ಮೆಗೇ ಕಿರಿದಾಗುವ ಸೊಂಟ, ಕುತ್ತಿಗೆಗಿಂತ ಹೆಚ್ಚೇನೂ ದಪ್ಪವಿಲ್ಲದ ಉದ್ದ ತಲೆ. ಅಂಗಿಯ ಹಿಂದಿನ ಅಂಚು ಪಕ್ಕೆ ಮುಗಿಯುವ ಕಡೆ ಜೋಲಾಡುತ್ತದೆ, ನಾಯಿ ಹಿಮ್ಮೆಟ್ಟಿದರೆ ಇಡೀ ಹಾರ್ನೆಸ್ ತಲೆಯ ಮೇಲಿಂದ ಕಳಚಿಬರಬಹುದು. ಎದೆಯ ಅಳತೆಗೆ ಸರಿಯಾದುದನ್ನೇ ಆರಿಸಿ, ಎರಡು ಅಳತೆಗಳ ನಡುವೆ ಬಿದ್ದರೆ ಚಿಕ್ಕದನ್ನು ತೊಡಿಸಿ ನೋಡಿ. ಎದುರಿನಿಂದ ಲೀಶ್ ಹಿಡಿದು ಮೆಲ್ಲಗೆ ಎಳೆದು, ನಾಯಿ ಹಿಂದೆ ಸರಿದಾಗ ಕಳಚುತ್ತದೆಯೇ ಎಂಬುದನ್ನು ಮನೆಯೊಳಗೇ ಪರೀಕ್ಷಿಸಿ. ಈ ತಳಿಯ ನಾಯಿಗಳಿಗೆ ಕುಕ್ಕರಗಾಲಲ್ಲಿ ಹೆಚ್ಚು ಹೊತ್ತು ಕೂರುವುದೂ ಹಿತವಲ್ಲ, ಮಲಗಿಯೇ ಪ್ರಯಾಣ ಮಾಡಬಯಸುತ್ತವೆ. ಮಿನಿಯ ಹಿಂದಿನ ಒಂದು ಸೀಟಿನ ಅಗಲದಲ್ಲಿ ಮುಧೋಳದ ಗಂಡುನಾಯಿ ಕಾಲು ಚಾಚಿ ಮಲಗಲಾಗದು. ಆ ನಾಯಿಗೆ ಈ ಕಾರು ಹೊಂದುವುದಿಲ್ಲ, ಅದಕ್ಕೆ ಹಾರ್ನೆಸ್ಸನ್ನು ದೂರಿ ಫಲವಿಲ್ಲ.

ಏಳೆಂಟು ಕೆ.ಜಿ.ಗಿಂತ ಕಡಿಮೆ ತೂಕದ ನಾಯಿಗೆ ಹಾರ್ನೆಸ್ ಬಿಟ್ಟು, ಇದೇ ಕಂಪನಿಯ ಸೀಟ್ ಬೆಲ್ಟಿಗೆ ಕಟ್ಟುವ ಮುಚ್ಚಿದ ಕ್ಯಾರಿಯರ್ ತೆಗೆದುಕೊಳ್ಳುವುದು ಮೇಲು. ಜಾಲರಿಯ ಗೋಡೆ ಇರುವುದರಿಂದ ಗಾಳಿಯ ಹೊಡೆತ, ಹಾರುವ ಭಯ ಎರಡೂ ತಪ್ಪುತ್ತವೆ. ಬಿಸಿಲಿನಲ್ಲಿ ಮಾತ್ರ ಅದರೊಳಗೆ ಬೇಗ ಕಾವೇರುತ್ತದೆ, ಹಾಗಾಗಿ ಟಾಪ್ ಮುಚ್ಚಿಯೇ ಇರಲಿ. ದೊಡ್ಡ ನಾಯಿಗಳ ಗಟ್ಟಿ ಪಂಜರಗಳು ಮಿನಿಯಲ್ಲಿ ಹಿಡಿಸುವುದಿಲ್ಲ. ಸಾಮಾನಿಡುವ ಡಿಕ್ಕಿಯಲ್ಲಂತೂ ಯಾವ ಪ್ರಾಣಿಯನ್ನೂ ಇಡುವ ಮಾತಿಲ್ಲ.

ಇನ್ನು ಕಾರಿನ ಕಡೆಯಿಂದ ಬರುವ ತೊಡಕುಗಳು. ಗಾಳಿ ತಡೆಗೆಂದು ಮಾರುವ ಬಲೆಯ ಡಿಫ್ಲೆಕ್ಟರ್ ನಾಲ್ಕು ಸೀಟಿನ ಕನ್ವರ್ಟಿಬಲ್‌ಗಳಲ್ಲಿ ಹಿಂದಿನ ಸೀಟಿನ ಮೇಲೇ ಅಡ್ಡಲಾಗಿ ಕೂರುತ್ತದೆ. ಅಂದರೆ ನಾಯಿ ಇದ್ದಾಗ ಅದನ್ನು ಹಾಕುವಂತಿಲ್ಲ. ಮುಂದೆ ಕೂತವರಿಗೆ ತಣ್ಣನೆ ತಂಗಾಳಿ ಬೀಸುತ್ತಿರುವಾಗ ಹಿಂದೆ ಸುಳಿಗಾಳಿ ಎದ್ದಿರುತ್ತದೆ. ವಿಂಡ್‌ಶೀಲ್ಡ್ ಮೇಲಿಂದ ಹಾರಿದ ಗಾಳಿ ಹಿಂದೆ ಸುತ್ತಿ, ಬೆನ್ನ ಕಡೆಯಿಂದ ನುಗ್ಗಿ, ಧೂಳು ಮತ್ತು ಹುಳುಗಳನ್ನು ನಾಯಿಯ ಕಣ್ಣಿಗೇ ತಂದು ಹಾಕುತ್ತದೆ. ನಾಲ್ಕೂ ಕಿಟಕಿ ಏರಿಸಿದರೆ ಇದು ಬಹಳ ತಗ್ಗುತ್ತದೆ. ಮಿನಿಯಲ್ಲಿ ಇನ್ನೂ ಒಳ್ಳೆಯ ಉಪಾಯವಿದೆ. ಟಾಪನ್ನು ಪೂರ್ತಿ ಮಡಚದೆ ಮುಂಭಾಗವನ್ನಷ್ಟೇ 40 ಸೆಂ.ಮೀ. ಹಿಂದಕ್ಕೆ ಸರಿಸಿ ಸನ್‌ರೂಫ್‌ನಂತೆ ಇಡಬಹುದು. ಮುಂದಿನವರಿಗೆ ಆಕಾಶ, ಹಿಂದೆ ನಾಯಿಗೆ ನೆರಳು ಮತ್ತು ಗೋಡೆ. ನಾಯಿಯೊಂದಿಗಿನ ಪ್ರಯಾಣದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೀಗೇ ಹೋಗಿ ಎನ್ನುವುದು ನಮ್ಮ ಸಲಹೆ. ಪೂರ್ತಿ ತೆರೆಯುವುದು ಊರೊಳಗಿನ ನಿಧಾನದ ರಸ್ತೆಗೆ, ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲಿಗೆ ಮಾತ್ರ ಇರಲಿ.

ಟಾಪ್ ಪೂರ್ತಿ ತೆರೆಯಲು 18 ಸೆಕೆಂಡು, ಗಂಟೆಗೆ 30 ಕಿ.ಮೀ. ವೇಗದವರೆಗೆ ಓಡುತ್ತಿರುವಾಗಲೂ ತೆರೆಯಬಹುದು. ನಾಯಿ ಹಿಂದೆ ಇರುವಾಗ ಈ ಸೌಲಭ್ಯವನ್ನು ಮರೆತುಬಿಡಿ. ಮಡಚುವ ಕಂಬಿಗಳು ಹಿಂದಿನ ಸೀಟಿನ ಪಕ್ಕದಲ್ಲೇ ಚಲಿಸುತ್ತವೆ, ಬಾಲವೋ ಕಾಲೋ ಸಿಕ್ಕಿಕೊಳ್ಳಲು ಅಷ್ಟು ಸಾಕು. ಕಾರು ನಿಲ್ಲಿಸಿ, ಒಬ್ಬರು ನಾಯಿಯನ್ನು ಕೆಳಗಿಳಿಸಿ ಹಿಡಿದುಕೊಂಡಿರುವಾಗ ತೆರೆಯಿರಿ. ಮಡಚಿದ ಟಾಪು ಮಿನಿಯಲ್ಲಿ ಹಿಂದಿನ ಸೀಟಿನ ಬೆನ್ನಿಗೆ ರಾಶಿಯಾಗಿ ಕೂರುತ್ತದೆ. ನಾಯಿಗೆ ಅದು ಒಳ್ಳೆಯ ಜಗಲಿಯಂತೆ ಕಾಣುತ್ತದೆ. ಹತ್ತಲು ಬಿಟ್ಟರೆ ಉಗುರಿಗೆ ಬಟ್ಟೆ ಹರಿಯುವುದು ಸಣ್ಣ ನಷ್ಟ. ಕಾರು ಮಗುಚುವ ಸೂಚನೆ ಸಿಕ್ಕಾಗ ಹಿಂದಿನ ತಲೆದಿಂಬುಗಳ ಬಳಿ ಅಡಗಿರುವ ರಕ್ಷಣಾ ಕಂಬಿಗಳು ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತವೆ, ಆ ಜಾಗದಲ್ಲಿ ನಾಯಿಯ ತಲೆ ಇರಬಾರದು ಎನ್ನುವುದು ದೊಡ್ಡ ವಿಷಯ.

ಸೀಟಿನ ಮೇಲೆ ಹಾಸುವ ಹ್ಯಾಮಕ್ ಬಗ್ಗೆಯೂ ಒಂದು ಮಾತು. ನುಣುಪು ಬಟ್ಟೆಯ ಜಲನಿರೋಧಕ ಹಾಸಿನ ಮೇಲೆ ನಾಯಿ ಬ್ರೇಕ್ ಹಾಕಿದಾಗಲೆಲ್ಲ ಜಾರುತ್ತದೆ, ಹಾರ್ನೆಸ್ ಮೇಲಕ್ಕೆ ಸರಿಯುತ್ತದೆ. ತಳಕ್ಕೆ ರಬ್ಬರ್ ಇರುವ, ಬಕಲ್‌ಗೆ ಸೀಳು ಇರುವ, ತಿಳಿಬಣ್ಣದ ಹಾಸು ನೋಡಿ. ಕಪ್ಪು ಲೆದರ್ ಸೀಟು ಬಿಸಿಲಿಗೆ ಕಾದರೆ ನಾಯಿಯ ಹೊಟ್ಟೆಯ ತೆಳು ಚರ್ಮ ಸುಡುತ್ತದೆ, ಅಂಗೈ ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನೂ ಕೂರಿಸಬೇಡಿ.

ಮಜ್ದಾ ಎಂಎಕ್ಸ್-5, ಬಿಎಂಡಬ್ಲ್ಯು ಝಡ್4ನಂಥ ಎರಡು ಸೀಟಿನ ಕಾರಿಗೆ ಈ ಹಾರ್ನೆಸ್ಸನ್ನು ಶಿಫಾರಸು ಮಾಡುವುದಿಲ್ಲ. ಇದು ಹಿಂದಿನ ಸೀಟಿಗೆಂದು ಮಾಡಿದ್ದು. ಮುಂದಿನ ಸೀಟಿನ ಏರ್‌ಬ್ಯಾಗು ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಬಿಚ್ಚಿಕೊಳ್ಳುತ್ತದೆ, ಮುಂದಕ್ಕೆ ಬಾಗಿ ಕೂತ ನಾಯಿಯ ಮುಖಕ್ಕೆ ಅದು ನೇರ ಪೆಟ್ಟು. ಕೆಲವು ಕಾರುಗಳಲ್ಲಿ ಕೀಲಿ ಹಾಕಿ ಏರ್‌ಬ್ಯಾಗನ್ನು ಆಫ್ ಮಾಡಬಹುದು. ಹಲವು ಅಮೆರಿಕದ ಮಾದರಿಗಳಲ್ಲಿ ಸೀಟಿನ ತೂಕ ನೋಡಿ ತಾನೇ ಆನ್-ಆಫ್ ಆಗುವ ಸೆನ್ಸರ್ ಮಾತ್ರ. ನಾಯಿ ಎದ್ದು ಕೂತಾಗ ಒಂದು ಲೆಕ್ಕ, ಒರಗಿದಾಗ ಇನ್ನೊಂದು ಲೆಕ್ಕ. ಅದನ್ನು ನಂಬುವಂತಿಲ್ಲ.

ಭಾರತದಲ್ಲಿ ತೆರೆದ ಕಾರು ಎಂದರೆ ಹೆಚ್ಚಿನವರಿಗೆ ಸಾಫ್ಟ್ ಟಾಪ್ ಥಾರ್. ಹಿಂದಿನ ಸೀಟು ಮುಂದಕ್ಕೆ ಮುಖ ಮಾಡಿದ್ದು, ಮೂರು ಬಿಂದುವಿನ ಬೆಲ್ಟು ಇದ್ದರೆ ಮಾತ್ರ ಈ ಹಾರ್ನೆಸ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಎದುರುಬದುರು ಬೆಂಚು ಇರುವ ಹಳೆಯ ಮಾದರಿಗಳಲ್ಲಿ ನಾಯಿಯನ್ನು ಸುರಕ್ಷಿತವಾಗಿ ಕಟ್ಟುವ ದಾರಿಯೇ ಇಲ್ಲ. ಬಟ್ಟೆ ಬಿಚ್ಚಿದ ಮೇಲೆ ಹಿಂದೆ ಕಿಟಕಿಯೂ ಇರದ ಕಾರಣ, ಮಿನಿಯಲ್ಲಿ ಹೇಳಿದ ಬಾಗಿಲಂಚಿನ ಪರೀಕ್ಷೆಯನ್ನು ಇಲ್ಲಿ ಇನ್ನೂ ಕಟ್ಟುನಿಟ್ಟಾಗಿ ಮಾಡಿ. ವಿದೇಶದಿಂದ ತರಿಸಿದರೆ ಅಳತೆ ಬದಲಾಯಿಸುವುದು ದೊಡ್ಡ ತಲೆನೋವು, ಎರಡೆರಡು ಸಲ ಅಳೆದೇ ತರಿಸಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಎದೆ ತುಂಬ ಪ್ಯಾಡ್ ಇರುವ ಅಂಗಿ ಸೆಕೆಯಾಗುತ್ತದೆ, ಇದು ಈ ಹಾರ್ನೆಸ್‌ನ ನಿಜವಾದ ಕೊರತೆ. ಗಾಳಿ ಬೀಸುತ್ತಿರುವುದರಿಂದ ನಾಯಿಗೆ ತಂಪಾಗಿದೆ ಎಂದು ನಮಗೆ ಅನಿಸುತ್ತದೆ. ಮೈತುಂಬ ಬೆವರುವ ಶಕ್ತಿ ಇಲ್ಲದ ಪ್ರಾಣಿಗೆ ಆ ಗಾಳಿಯಿಂದ ನಮಗಾದಷ್ಟು ತಂಪಾಗದು. ನಾಲಗೆ ಅಗಲವಾಗಿ ಚಾಚಿ ಏದುಸಿರು ಬಿಡುತ್ತಿದ್ದರೆ, ಒಸಡು ಕಡುಗೆಂಪಾಗಿದ್ದರೆ ತಕ್ಷಣ ಟಾಪ್ ಮುಚ್ಚಿ ಎಸಿ ಹಾಕಿ ನೀರು ಕೊಡಿ. ಚೇತರಿಸಿಕೊಳ್ಳದಿದ್ದರೆ ನೇರ ಪಶುವೈದ್ಯರ ಬಳಿಗೆ ಹೋಗಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಹಗಲಲ್ಲಿ ತೆರೆದ ಟಾಪ್ ಬೇಡವೇ ಬೇಡ. ಬಿಳಿ ನಾಯಿಗಳ ಗುಲಾಬಿ ಮೂಗಿಗೆ ಸನ್‌ಸ್ಕ್ರೀನ್ ಹಚ್ಚುವುದಾದರೆ ಝಿಂಕ್ ಆಕ್ಸೈಡ್ ಇಲ್ಲದ್ದನ್ನೇ ಹಚ್ಚಿ, ನೆಕ್ಕಿದರೆ ಅದು ವಿಷ.

ಕಣ್ಣಿಗೆ ರೆಕ್ಸ್ ಸ್ಪೆಕ್ಸ್‌ನಂಥ, ಎರಡು ಪಟ್ಟಿಯ, ಪೆಟ್ಟು ತಡೆಯುವ ಲೆನ್ಸಿನ ಕನ್ನಡಕ ಜೊತೆಗಿರಲಿ. ಲೆನ್ಸ್ ರೆಪ್ಪೆಗೆ ತಾಗಬಾರದು. ಮೊದಲ ದಿನ ಹತ್ತು ಸೆಕೆಂಡು ಹಾಕಿ ತಿನಿಸು ಕೊಟ್ಟು ತೆಗೆಯಿರಿ, ಒಂದು ವಾರದಲ್ಲಿ ಹತ್ತು ನಿಮಿಷಕ್ಕೆ ಏರಿಸಿ, ಆಮೇಲೆ ಕಾರು. ಹೆದ್ದಾರಿಯ ವೇಗದಲ್ಲಿ ತೆರೆದ ಕಾರಿನ ಸದ್ದು 85-90 ಡೆಸಿಬೆಲ್ ಮುಟ್ಟುತ್ತದೆ, ನಮಗಿಂತ ಸೂಕ್ಷ್ಮ ಕಿವಿಯ ಪ್ರಾಣಿಗೆ ಅದು ಹಿಂಸೆ. ಇದಕ್ಕೆ ಕಿವಿಮುಚ್ಚುಗ ಹುಡುಕುವುದಕ್ಕಿಂತ ಟಾಪ್ ಮುಚ್ಚುವುದೇ ಸುಲಭ.

ಕಾನೂನಿನ ಮಾತು ಚಿಕ್ಕದು. ಬ್ರಿಟನ್ನಿನ ಹೈವೇ ಕೋಡ್‌ನ 57ನೇ ನಿಯಮ ಕಾರಿನಲ್ಲಿ ನಾಯಿಯನ್ನು ಕಟ್ಟಿಯೋ ಪಂಜರದಲ್ಲಿಟ್ಟೋ ಒಯ್ಯಲು ಹೇಳುತ್ತದೆ. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಗೆ ಅನಗತ್ಯ ನೋವಾಗುವಂತೆ ವಾಹನದಲ್ಲಿ ಸಾಗಿಸುವುದನ್ನು ಅಪರಾಧವೆನ್ನುತ್ತದೆ.

ಬಾಳಿಕೆಯಲ್ಲಿ ತೆರೆದ ಕಾರಿಗೇ ವಿಶೇಷವಾದ ಒಂದು ಶತ್ರು ಬಿಸಿಲು. ನೈಲಾನ್ ದಾರ ಬಿಸಿಲಿಗೆ ಸೊರಗುತ್ತದೆ, ಬಣ್ಣ ಮಾಸುವ ಮೊದಲೇ ಹೊಲಿಗೆಯ ಬಲ ತಗ್ಗಿರಬಹುದು. ಪ್ರಯಾಣ ಮುಗಿದ ಮೇಲೆ ಹಾರ್ನೆಸ್ಸನ್ನು ಸೀಟಿನ ಮೇಲೆ ಬಿಡದೆ ಡಿಕ್ಕಿಯಲ್ಲಿಡಿ. ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ. ತಿಂಗಳಿಗೊಮ್ಮೆ ಎರಡು ಕುಣಿಕೆಗಳ ಬುಡದ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ, ದಾರ ಎದ್ದಿದ್ದರೆ ಅಥವಾ ನಾಯಿ ಪಟ್ಟಿ ಕಚ್ಚಿದ್ದರೆ ಬಳಸಬೇಡಿ. ಅಪಘಾತವೊಂದನ್ನು ಕಂಡ ಹಾರ್ನೆಸ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದರ ಪಟ್ಟಿ ಒಳಗೇ ಹಿಗ್ಗಿರುತ್ತದೆ. ಅದನ್ನು ವಾಕಿಂಗ್‌ಗೂ ಉಳಿಸಿಕೊಳ್ಳದೆ, ಬೇರೆಯವರ ಕೈಗೂ ಸಿಗದಂತೆ ಕತ್ತರಿಸಿ ಎಸೆಯಿರಿ.